ತಂತಿಕಾಕಾ

ಬಿಂಕದಕಟ್ಟಿಗೆ ಬರುವ ಜನ ಹುಲಿ ನೋಡಲು ಬರುತ್ತಾರೆ. ಗದಗಿನ ಆರ್ಕೆಸ್ಟ್ರಾ ಹುಡುಗರು ಮಾತ್ರ ಮೃಗಾಲಯದ ಕಡೆ ತಿರುಗಿಯೂ ನೋಡದೆ ಚಹಾದಂಗಡಿಯ ಬಾಕಿನ ಮೇಲೆ ಕೂತ ತಂತಿಕಾಕಾನನ್ನು ಹುಡುಕಿಕೊಂಡು ಬರುತ್ತಾರೆ. ಊರಿಗೊಬ್ಬ ಇಂಥವ ಇದ್ದೇ ಇರುತ್ತಾನೆ. ಒಂದೂರಲ್ಲಿ ಬೋರ್‌ವೆಲ್ ಮೋಟಾರಿನ ಪಂಡಿತ, ಇನ್ನೊಂದೂರಲ್ಲಿ ಟೈರಿನ ಪಂಡಿತ. ನಮಗೆ ಸಿಕ್ಕವನು ಎಲೆಕ್ಟ್ರಿಕ್ ಗಿಟಾರಿನ ತಂತಿಯವ.

"ಕಾಕಾ, ಹೊಸಾ ತಂತಿ ಹಾಕ್ಬೇಕ್ರಿ, ಯಾವ್ದು ತರ್ಲಿ?"

"ಮದಲ ಬೆರಳು ತೋರ್ಸು."

ಬೆರಳು ನೋಡಿದ ಮೇಲೆ ಗಿಟಾರಿನ ಜಾತಕ. ಫೆಂಡರ್ ಮಾದರಿಯೋ ಗಿಬ್ಸನ್ ಮಾದರಿಯೋ? ಮೊದಲನೆಯದರಲ್ಲಿ ತಂತಿ ಮಿಡಿಯುವ ಉದ್ದ 25.5 ಇಂಚು, ಎರಡನೆಯದರಲ್ಲಿ ಮುಕ್ಕಾಲು ಇಂಚು ಕಡಿಮೆ. ಹಾಗಾಗಿ ಅದೇ ತಂತಿ, ಅದೇ ಶ್ರುತಿ ಇದ್ದರೂ ಫೆಂಡರಿನಲ್ಲಿ ಬಿಗಿ ಹೆಚ್ಚು. ಇಂಚನ್ನು ಸಾವಿರ ಪಾಲು ಮಾಡಿ ಅದರಲ್ಲಿ ಒಂಬತ್ತು ಪಾಲು ದಪ್ಪವಿದ್ದರೆ '9', ಹತ್ತು ಪಾಲಿದ್ದರೆ '10'. ಒಂದೇ ಪಾಲಿನ ವ್ಯತ್ಯಾಸಕ್ಕೆ ಬಿಗಿ ಶೇಕಡಾ 23ರಷ್ಟು ಏರುತ್ತದೆ. ಒಂಬತ್ತಾದರೆ ಎಳೆದು ಮೀಂಡ್ ತೆಗೆಯಲು ಹಗುರ. ಹತ್ತಾದರೆ ನಾದಕ್ಕೆ ಮೈ ಬರುತ್ತದೆ, ಬೆರಳಿಗೆ ಬೊಬ್ಬೆ ಬರುತ್ತದೆ. ಕಾಕಾ ಹೇಳುವುದರಲ್ಲಿ ಸುಳ್ಳಿಲ್ಲ. ಅದೇ ತಾಪತ್ರಯ.

ಗಿಟಾರ್ ವಾದಕ ಸ್ಟೀವಿ ರೇ ವಾನ್ 13ರ ತಂತಿ ಹಾಕಿ ಶ್ರುತಿಯನ್ನು ಅರ್ಧ ಸ್ವರ ಇಳಿಸಿಕೊಳ್ಳುತ್ತಿದ್ದದ್ದು, ಕಾರ್ಖಾನೆಯಲ್ಲಿ ಎರಡು ಬೆರಳ ತುದಿ ಕಳಕೊಂಡ ಟೋನಿ ಅಯೋಮಿ ಬ್ಯಾಂಜೋ ತಂತಿಗೆ ಮೊರೆಹೋದದ್ದು, ಎಲ್ಲವನ್ನೂ ಹುಲಕೋಟಿಯ ಬೀಗರ ಸುದ್ದಿಯಂತೆ ಹೇಳುತ್ತಾನೆ. ಹುಡುಗರು ಚಹಾದ ಬಿಲ್ಲು ಕೊಡುತ್ತಾರೆ. ಕಾಕಾ ಪೂರ್ತಿ ಒಂದು ಹಾಡು ನುಡಿಸಿದ್ದನ್ನು ಕೇಳಿದವರು ಸಿಕ್ಕಿಲ್ಲ. ಹಾಡಿನ ನಡುವೆಯೇ ಅವನಿಗೆ ಮೂರನೇ ತಂತಿಯ ಮೇಲೆ ಸಂಶಯ ಹುಟ್ಟುತ್ತದಂತೆ.

ಅವನ ಬಾಯಿ ಕಟ್ಟಿದ್ದು ಒಬ್ಬರೇ. ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತ ಹಿರಿಯ ಗವಾಯಿಗಳೊಬ್ಬರು ಬಸ್ಸಿಗೆ ಕಾಯುತ್ತ ಕೂತಿದ್ದರು. ತಂಬೂರಿಗೆ ಯಾವ ತಂತಿ ಎಂದು ಕಾಕಾ ಪರೀಕ್ಷೆಗೆ ಇಳಿದ.

"ಜೋಡಿಗೆ 29ರ ಉಕ್ಕು, ಖರ್ಜಕ್ಕ 24ರ ಹಿತ್ತಾಳಿ."

"ತೆಳೂದಕ್ಕ 29, ದಪ್ಪಂದಕ್ಕ 24? ಉಲ್ಟಾ ಆತಲ್ರೀ ಅಪ್ಪಾರ!"

"ತೂತಿನ್ಯಾಗ ಹಾಯ್ಸಿ ಎಳದಷ್ಟು ತಂತಿ ತೆಳ್ಳಗಾಕ್ಕೈತಿ, ನಂಬರ ಏರತೈತಿ" ಎಂದು ಅವರು ಬಸ್ಸು ಹತ್ತಿದರು. ಕಾಕಾನ ಚಹಾ ಆರಿತು. ಮರುದಿನ ಬಂದವನೇ, "ಗಿಟಾರಿನ 10 ಅಂದ್ರ ಆ ಲೆಕ್ಕದಾಗ 33, ಗೊತ್ತೈತೇನ?" ಎಂದು ಬಾಕಿನವರನ್ನೆಲ್ಲ ಗದರಿಸಿದ. ಈಗ ಸಲಹೆ ಎರಡೂ ಲೆಕ್ಕದಲ್ಲಿ ಸಿಗುತ್ತದೆ, ಚಹಾವೂ ಎರಡು.

ಮೊನ್ನೆ ಜಾತ್ರೆಯ ಆರ್ಕೆಸ್ಟ್ರಾದಲ್ಲಿ ಹಾಡಿನ ಮಧ್ಯೆ ಹುಡುಗನ ಮೊದಲ ತಂತಿ ಪಟ್ಟೆಂದು ಹರಿಯಿತು. ಕಾಕಾ ಮುಂದಿನ ಸಾಲಿನಲ್ಲೇ ಇದ್ದ, ತೊಡೆಯ ಮೇಲೆ ತಂತಿ ತುಂಬಿದ ಕೈಚೀಲ.

"ಕಾಕಾ, ಒಂದ್ ತಂತಿ ಲಗೂ ಕೊಡ್ರಿ!"

"ತಡಿಯೋ, ಯಾವ ಪಟ್ಟಿಯಾಗ ಹಾಡಾಕತ್ತಾರ? ಕೈ ಬೆವರತಾವೇನ ನಿಂದು?"

ಕೀಬೋರ್ಡಿನವನು ಗಿಟಾರಿನ ಗುಂಡಿ ಒತ್ತಿ ಹಾಡು ಮುಗಿಸಿದ. ಜನ ಒನ್ಸ್ ಮೋರ್ ಕೂಗಿದರು. ಕಾಕಾ ಇನ್ನೂ ಒಂಬತ್ತೂವರೆ ಹುಡುಕುತ್ತಿದ್ದ.