ಬೀರುಮೀಮಾಂಸೆ

ಶಾಸ್ತ್ರ ಬರೆಯಹೊರಟವರು ಮೊದಲಿಗೆ ನಾಲ್ಕು ಸಂಗತಿ ಹೇಳಿಬಿಡಬೇಕೆಂಬುದು ಹಿರಿಯರು ಹಾಕಿಕೊಟ್ಟ ಕ್ರಮ: ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ. ಅದರಂತೆ ಈ ಶಾಸ್ತ್ರಕ್ಕೆ ಅಧಿಕಾರಿ ಯಾರೆಂದರೆ, ಏಳೂವರೆಯೊಳಗೆ ಡಬ್ಬಿಗಳನ್ನು ಕಟ್ಟಿ, ಜಡೆ ಹೆಣೆದು, ಜೋಡಿ ತಪ್ಪಿದ ಕಾಲುಚೀಲ ಹುಡುಕಿ, ಮಗುವನ್ನು ಸ್ಕೂಲ್ ವ್ಯಾನಿಗೆ ಹತ್ತಿಸಿ ಬಂದು, ಎಂಟರ ಬಸ್ಸಿಗೆ ತಾನೂ ಹೊರಡಬೇಕಾದವಳು. ವಿಷಯ: ಬಟ್ಟೆ. ಸಂಬಂಧ: ಬಟ್ಟೆಗೂ ಅವಳಿಗೂ ಇರುವುದು, ಮುಖ್ಯವಾಗಿ ಒಗೆಯುವ, ಒಣಹಾಕುವ, ಮಡಿಚುವ ಸಂಬಂಧ, ಉಡುವುದು ಆಮೇಲಿನ ಮಾತು. ಪ್ರಯೋಜನ: ಎಂಟರ ಬಸ್ಸು.

ಚರ್ಚೆಗೆ ಎತ್ತಿಕೊಂಡ ಮೂಲವಾಕ್ಯ ಒಂದೇ. ಬೀರುವಿನ ಎರಡೂ ಬಾಗಿಲು ತೆರೆದು, ಮೇಲಿನ ಅರೆಯಿಂದ ಸೀರೆಗಳು ತಲೆಯ ಮೇಲೇ ಜಾರಿ ಬೀಳುತ್ತಿರುವಾಗ ಅಧಿಕಾರಿಯ ಬಾಯಿಂದ ಹೊರಡುವ "ಹಾಕ್ಕೊಳ್ಳೋಕೆ ಒಂದೂ ಇಲ್ಲ". ಗಂಡಂದಿರು ಇದನ್ನು ಸುಳ್ಳೆಂದು ತಿಳಿಯುತ್ತಾರೆ. ತರ್ಕ ಓದದ್ದರ ಫಲ. ವೈಶೇಷಿಕರು ಮೊದಲಿಗೆ ಆರೇ ಪದಾರ್ಥ ಎಣಿಸಿದ್ದರು. ಅಭಾವವೂ ಒಂದು ಪದಾರ್ಥವೇ ಎಂದು ಏಳನೆಯದನ್ನು ಆಮೇಲಿನವರು ಸೇರಿಸಿದರು. ಅನ್ನಂಭಟ್ಟನ ತರ್ಕಸಂಗ್ರಹದ ಪ್ರಕಾರ ಅದರಲ್ಲಿ ನಾಲ್ಕು ಬಗೆ. ನೆಲದ ಮೇಲೆ ಗಡಿಗೆ ಇಲ್ಲ ಎಂಬ ಒಂದು ಉದಾಹರಣೆ ಹಿಡಿದುಕೊಂಡು ನಮ್ಮ ಪಂಡಿತರು ಶತಮಾನಗಟ್ಟಲೆ ವಾದ ಮಾಡಿದ್ದಾರೆ. ಆ ಗಡಿಗೆ ತೊಳೆದು ಎತ್ತಿಟ್ಟವರು ಯಾರು ಎಂದು ಮಾತ್ರ ಒಬ್ಬರೂ ಕೇಳಿದಂತಿಲ್ಲ. ಇರಲಿ, ಬೀರುವಿಗೆ ಬರೋಣ.

ಮೊದಲನೆಯದು ಪ್ರಾಗಭಾವ, ವಸ್ತು ಹುಟ್ಟುವ ಮುಂಚಿನ ಇಲ್ಲದಿರುವಿಕೆ. ಇದಕ್ಕೆ ಆದಿಯಿಲ್ಲ, ಅಂತ್ಯವುಂಟು ಎನ್ನುತ್ತಾರೆ. ಟೈಲರ್ ಹತ್ತಿರ ಕೊಟ್ಟ ಬ್ಲೌಸು ಇದಕ್ಕೆ ನಿದರ್ಶನ. ಆದಿಯಿಲ್ಲ ಸರಿ, ಅಂತ್ಯವುಂಟೆಂಬುದನ್ನು ಯಾವ ಬೀದಿಯ ಟೈಲರೂ ಒಪ್ಪಿಲ್ಲ. "ನಾಳೆ ಬನ್ನಿ ಮೇಡಂ, ಹುಕ್ಸ್ ಒಂದೇ ಬಾಕಿ" ಎಂಬುದು ಅವರ ಆಪ್ತವಾಕ್ಯ. ಎರಡನೆಯದು ಪ್ರಧ್ವಂಸಾಭಾವ, ಇದ್ದದ್ದು ಹಾಳಾಗಿ ಇಲ್ಲವಾಗುವುದು. ಬೆಟ್ಟದ ಹೊಗೆ ಕಂಡು ಬೆಂಕಿಯನ್ನು ಊಹಿಸುವ ಪ್ರಸಿದ್ಧ ಅನುಮಾನವನ್ನು, ಅಡುಗೆಮನೆಯಲ್ಲಿ ಕುಕ್ಕರಿನ ಕೂಗು ಎಣಿಸುತ್ತ ನಿಂತವಳು ಬರೀ ವಾಸನೆಯಿಂದ ಸಾಧಿಸುತ್ತಾಳೆ: ಇಸ್ತ್ರಿಪೆಟ್ಟಿಗೆ ರೇಯಾನ್ ಟಾಪ್‌ನ ಮೇಲೇ ಉಳಿದಿದೆ. ಮೂರನೆಯದು ಅನ್ಯೋನ್ಯಾಭಾವ. ಗಡಿಗೆ ಬಟ್ಟೆಯಲ್ಲ ಎಂಬುದು ಗ್ರಂಥಗಳ ಉದಾಹರಣೆ. ಹಳೇ ಬಟ್ಟೆ ಕೊಟ್ಟು ಸ್ಟೀಲ್ ಪಾತ್ರೆ ತಗೊಂಡವರಿಗೆ ಇದರಲ್ಲಿ ಸ್ವಲ್ಪ ಸಂಶಯವಿದೆ. ಬೀರುವಿನಲ್ಲಾದರೋ ಮದುವೆಗೆ ಉಡುವುದು ಆಫೀಸಿನದಲ್ಲ, ಆಫೀಸಿನದು ಪೇರೆಂಟ್ಸ್ ಮೀಟಿಂಗಿನದಲ್ಲ, ಅದು ಸತ್ಯನಾರಾಯಣ ಪೂಜೆಯದಲ್ಲ. ಹೀಗೆ ಪ್ರತಿಯೊಂದೂ ಇನ್ನೊಂದಲ್ಲವಾಗಿ, ಸಾಧಾರಣ ಮಂಗಳವಾರಕ್ಕೆ ಯಾವುದೂ ಸಲ್ಲುವುದಿಲ್ಲ. ನಾಲ್ಕನೆಯದು ಅತ್ಯಂತಾಭಾವ, ಮೂರು ಕಾಲಕ್ಕೂ ಇಲ್ಲದ್ದು. ಚೂಡಿದಾರಕ್ಕೆ ಜೇಬು.

ಇಲ್ಲವೆಂದು ತಿಳಿಯುವುದಕ್ಕೆ ಅನುಪಲಬ್ಧಿ ಎಂಬ ಬೇರೆ ಪ್ರಮಾಣವೇ ಬೇಕು ಎಂದು ಕುಮಾರಿಲಭಟ್ಟನ ಪಂಥದವರು ಹೇಳಿದರೆ, ಕಣ್ಣೇ ಸಾಕು ಎನ್ನುತ್ತಾರೆ ನೈಯಾಯಿಕರು. ಎರಡೂ ಪಕ್ಷ ಒಪ್ಪುವ ಷರತ್ತೊಂದಿದೆ: ಇದ್ದಿದ್ದರೆ ಕಾಣಬೇಕಾದ ರೀತಿಯಲ್ಲಿ ನೋಡಿರಬೇಕು. ಬೀರುವಿನ ಬಾಗಿಲು ಹಿಡಿದು ನಿಂತು, ಒಂದು ಬಟ್ಟೆಯನ್ನೂ ಸರಿಸದೆ "ಎಲ್ಲೂ ಕಾಣ್ತಿಲ್ಲ ಕಣೇ" ಎನ್ನುವುದು ಯಾವ ದರ್ಶನದಲ್ಲೂ ಪ್ರಮಾಣವಲ್ಲ.

ಇನ್ನು ಬೀರು ತುಂಬಿದ್ದು ಹೇಗೆ? ಅವಳ ಆಸೆಯಿಂದ ಎಂಬುದು ಪೂರ್ವಪಕ್ಷ. ಅದು ನಿಲ್ಲದು. ಗೋದ್ರೇಜ್‌ನವರು ಉಕ್ಕಿನ ಬೀರು ಮಾಡತೊಡಗಿದ್ದು 1923ರಲ್ಲಿ. ಅದರ ಹಿಂದಿನ ವರ್ಷವಷ್ಟೇ ಮಾನವಶಾಸ್ತ್ರಿ ಮಲಿನೋವ್‌ಸ್ಕಿ, ಪಪುವಾ ನ್ಯೂಗಿನಿಯ ಆಚೆಯ ಟ್ರೋಬ್ರಿಯಾಂಡ್ ದ್ವೀಪಗಳ ಬಗ್ಗೆ ತನ್ನ ಗ್ರಂಥ ಪ್ರಕಟಿಸಿದ. ಅಲ್ಲಿ ಕುಲಾ ಎಂಬ ವಿನಿಮಯವುಂಟು. ಕೆಂಪು ಚಿಪ್ಪಿನ ಹಾರಗಳು ದ್ವೀಪದಿಂದ ದ್ವೀಪಕ್ಕೆ ಒಂದು ದಿಕ್ಕಿನಲ್ಲಿ, ಬಿಳಿ ತೋಳುಬಳೆಗಳು ಎದುರು ದಿಕ್ಕಿನಲ್ಲಿ ಸುತ್ತುತ್ತಲೇ ಇರುತ್ತವೆ. ಬಂದದ್ದನ್ನು ಬಹಳ ಕಾಲ ಇಟ್ಟುಕೊಂಡವರಿಗೆ ಕೆಟ್ಟ ಹೆಸರು. ಇದಕ್ಕಾಗಿ ಮಹಾಶಯ ಅಷ್ಟು ದೂರ ದೋಣಿಯಲ್ಲಿ ಹೋಗಬೇಕಾಗಿರಲಿಲ್ಲ. ಮಲ್ಲೇಶ್ವರದಲ್ಲಿ ಒಂದು ಶ್ರಾವಣ ಕಳೆದಿದ್ದರೆ ಸಾಕಿತ್ತು.

ಬ್ಲೌಸ್ ಪೀಸನ್ನೇ ನೋಡಿ. ಎಂಬತ್ತು ಸೆಂಟಿಮೀಟರ್ ಎಂದು ಚೀಟಿ ಅಂಟಿಸಿದ್ದರೂ ಹೊಲಿಯಲು ಕೊಟ್ಟರೆ ತೋಳಿಗೆ ಸಾಲದು. ಬಣ್ಣವೋ, ಯಾವ ಸೀರೆಗೂ ಹೊಂದದಂಥ ಗಿಳಿಹಸಿರು. ಅದು ಬಟ್ಟೆಯಾಗುವುದಕ್ಕೆ ಹುಟ್ಟಿದ್ದೇ ಅಲ್ಲ, ಓಡಾಡುವುದಕ್ಕೆ ಹುಟ್ಟಿದ್ದು. ವರಮಹಾಲಕ್ಷ್ಮಿಗೆ ಹೊರಟದ್ದು ಗೌರಿಯ ಮೊರದ ಬಾಗಿನದಲ್ಲಿ ಕೂತು, ನವರಾತ್ರಿಯ ಅರಿಶಿನ ಕುಂಕುಮದಲ್ಲಿ ಮೂರನೇ ಮನೆ ಕಂಡು, ಕಾರ್ತಿಕದ ಹೊತ್ತಿಗೆ ಮಡಿಕೆಯಲ್ಲಿ ನವುರಾಗಿ ಬಿಳಿಚಿಕೊಂಡು, ಒಂದು ಮೂಲೆಯಲ್ಲಿ ನೆನೆದ ಅಡಿಕೆಯ ಕಂದು ಕಲೆ ಹೊತ್ತು ಮರಳಿ ಮನೆ ಸೇರುತ್ತದೆ. ಕಲೆ ನೋಡಿದ ಕೂಡಲೇ ಗುರುತು ಹತ್ತುತ್ತದೆ, ಕಳಿಸಿದ್ದು ನಾವೇ. ಟ್ರೋಬ್ರಿಯಾಂಡಿನವರಿಗೆ ಸಮುದ್ರದ ಭಯವಿತ್ತಂತೆ. ನಮ್ಮ ಅಧಿಕಾರಿಗೆ ಇರುವ ಭಯ ಒಂದೇ, ಕೊಟ್ಟವರಿಗೇ ಕೊಟ್ಟುಬಿಟ್ಟೇನೆ ಎಂದು. ಆದ್ದರಿಂದ ಒಳಗೆ ಚೀಟಿಯಿಟ್ಟು ಹೆಸರು ಬರೆದಿಡುವ ಪದ್ಧತಿ ಬಂದಿದೆ. ಚೀಟಿ ತೆಗೆಯುವುದನ್ನು ಮರೆತ ಮನೆಗಳ ಇತಿಹಾಸ ಪ್ರತ್ಯೇಕ ಸಂಪುಟದ ವಸ್ತು.

ಬೀರು ಖಾಲಿ ಮಾಡುವ ವಿದ್ಯೆಗೆ ಪರದೇಶದಲ್ಲಿ ಆಚಾರ್ಯೆಯರಿದ್ದಾರೆ. ಲಂಡನ್ನಿನ ಅಂಗಡಿಗಾರ್ತಿ ಸೂಸಿ ಫಾಕ್ಸ್ 1970ರ ದಶಕದಲ್ಲಿ ಕ್ಯಾಪ್ಸೂಲ್ ವಾರ್ಡ್‌ರೋಬ್ ಎಂಬ ಮತ ಸ್ಥಾಪಿಸಿದಳು: ಒಂದಕ್ಕೊಂದು ಹೊಂದುವ ಕೆಲವೇ ಬಟ್ಟೆ, ಗಟ್ಟಿ ಬಾಳಿಕೆ, ಸಾಕು. ಜಪಾನಿನ ಮಾರಿ ಕೊಂಡೋ 2011ರ ತನ್ನ ಗ್ರಂಥದಲ್ಲಿ ಪ್ರತಿ ವಸ್ತುವನ್ನೂ ಕೈಯಲ್ಲಿ ಹಿಡಿದು, ಇದು ಸಂತೋಷ ಕೊಡುತ್ತದೆಯೇ ಎಂದು ಕೇಳಿಕೊಳ್ಳಲು ವಿಧಿಸಿದ್ದಾಳೆ. ಈ ವಿಧಿಯ ಮೇಲೆ ನಮ್ಮ ಆಕ್ಷೇಪವಿದೆ. ಲಾಡಿ ಒಳಕ್ಕೆ ಸರಿದುಹೋದ ಲಂಗ ಯಾರಿಗೂ ಎಂದೂ ಸಂತೋಷ ಕೊಟ್ಟಿಲ್ಲ. ಹಾಗೆಂದು ಬಿಸಾಡಿದರೆ ಸೀರೆ ನಿಲ್ಲುವುದು ಯಾವ ಆಧಾರದ ಮೇಲೆ?

ಹಾಗಾಗಿ ಸ್ವಮತ ಸ್ಥಾಪನೆ. ನಮ್ಮ ಸಂಪ್ರದಾಯದಲ್ಲಿ ಬಟ್ಟೆಯನ್ನು ಆರಿಸಬೇಕಾದ್ದು ಕಲೆಯ ದೃಷ್ಟಿಯಿಂದ, ಅಂದರೆ ಮಗು ಒರೆಸಿಕೊಳ್ಳುವ ಕೈಯ ದೃಷ್ಟಿಯಿಂದ. ಸಾರಿನ ಅರಿಶಿನದ ಮೇಲೆ ಸೋಪು ಉಜ್ಜಿದರೆ ಕೆಂಪಾಗಿ ಹೆದರಿಸುತ್ತದೆ. ಕ್ಷಾರ ತಾಗಿದರೆ ಹಾಗಾಗುವುದು ಅದರೊಳಗಿನ ಕರ್ಕ್ಯುಮಿನ್ನಿನ ಗುಣ. ಒಗೆದು ಬಿಸಿಲಿಗೆ ಹರವಿದರೆ ತಾನೇ ಮಾಸುತ್ತದೆ. ಬಾಳೆಕಾಯಿಯ ಸೊನೆ ಹಾಗಲ್ಲ, ಹತ್ತಿತೆಂದರೆ ಬಟ್ಟೆ ಹರಿಯುವ ತನಕ ಜೊತೆಗಾರ. ಆದ್ದರಿಂದ ಒತ್ತಾಗಿ ಸಣ್ಣ ಹೂವಿನ ಅಚ್ಚಿರುವ, ಕಡುಬಣ್ಣದ, ತೊಳೆದಷ್ಟೂ ಮೆತ್ತಗಾಗುವ ಕಾಟನ್ ಟಾಪುಗಳು ನಾಲ್ಕು, ಅವೆಲ್ಲಕ್ಕೂ ಸಲ್ಲುವ ಕರಿ ಪ್ಯಾಂಟು ಎರಡು. ಮನೆಗೆ ನೈಟಿ, ಅದರ ಮೇಲೊಂದು ವೇಲ್. ಕಸದ ಗಾಡಿಯ ಹಾಡು ಕೇಳಿಸಿದ ಕ್ಷಣದಲ್ಲಿ ಹೆಗಲಿಗೇರುವ ಈ ವೇಲಿಗೆ ಟಾಪಿನ ಬಣ್ಣದ ಹಂಗಿಲ್ಲ, ಋತುವಿನ ಹಂಗಿಲ್ಲ. ನೈಟಿಯನ್ನು ಗೃಹಸ್ಥ ಲೋಕದಿಂದ ಸಾರ್ವಜನಿಕ ಲೋಕಕ್ಕೆ ದಾಟಿಸುವ ಸೇತುವೆ ಅದೊಂದೇ. ಮದುವೆಮನೆಗಳಿಗೆ ಮೈಸೂರು ಸಿಲ್ಕ್ ಒಂದು. 1912ರಿಂದ ನಡೆಯುತ್ತಿರುವ ಕಾರ್ಖಾನೆಯದೆಂದರೆ ಯಾರೂ ಹಳೆಯದೆಂದು ಹಂಗಿಸುವಂತಿಲ್ಲ. ಮಿಕ್ಕೆಲ್ಲ ಸಮಾರಂಭಗಳಿಗೆ ಇಳಕಲ್ ಒಂದು. ಮೈ ಹತ್ತಿಯದು, ಕೆಂಪು ಸೆರಗು ರೇಷ್ಮೆಯದು, ಮಗ್ಗದಲ್ಲೇ ಕುಣಿಕೆ ಹಾಕಿ ಎರಡನ್ನೂ ಕೂಡಿಸಿರುತ್ತಾರೆ. ಕೂಸಿಗೆ ಹತ್ತಿ, ಕ್ಯಾಮೆರಾಕ್ಕೆ ರೇಷ್ಮೆ.

ಜನ ಏನಂತಾರೆ ಎಂಬ ಆಕ್ಷೇಪ ಇಲ್ಲಿ ಏಳುವುದು ಸಹಜ. ಆಸ್ಟ್ರೇಲಿಯಾದ ಟಿವಿ ನಿರೂಪಕ ಕಾರ್ಲ್ ಸ್ಟೆಫಾನೊವಿಕ್ ವರ್ಷವಿಡೀ ಒಂದೇ ನೀಲಿ ಸೂಟು ತೊಟ್ಟು ಕಾರ್ಯಕ್ರಮ ನಡೆಸಿ, 2014ರಲ್ಲಿ ತಾನೇ ಆ ಗುಟ್ಟು ಬಿಟ್ಟುಕೊಟ್ಟ. ಅಲ್ಲಿತನಕ ಯಾರೂ ಗಮನಿಸಿರಲಿಲ್ಲ. ಪಕ್ಕದಲ್ಲಿ ಕೂರುತ್ತಿದ್ದ ಸಹೋದ್ಯೋಗಿಯ ಉಡುಪಿನ ಬಗ್ಗೆ ಮಾತ್ರ ನೋಡುಗರ ಟೀಕೆ ನಿಂತಿರಲಿಲ್ಲ. ಅದನ್ನು ತೋರಿಸಿಕೊಡುವುದಕ್ಕೇ ಅವನು ಹಾಗೆ ಮಾಡಿದ್ದು. ನಮ್ಮ ಅಧಿಕಾರಿಗೆ ಅಷ್ಟೊಂದು ಪ್ರಯೋಗ ಬೇಕಾಗಿಲ್ಲ, ಒಬ್ಬರು ಅತ್ತಿಗೆ ಇದ್ದರೆ ಸಾಕು. "ಅದೇ ಸೀರೆನಾ? ಪುಟ್ಟಿ ನಾಮಕರಣಕ್ಕೂ ಇದನ್ನೇ ಉಟ್ಟಿದ್ದೆ ಅಲ್ವಾ?" ಇದಕ್ಕೆ ಸಿದ್ಧಾಂತಿಯ ಸಮಾಧಾನ: "ಹೂಂ ಅತ್ತಿಗೆ. ಚೆನ್ನಾಗಿ ಒಪ್ಪುತ್ತೆ ಅಂತ ಅವತ್ತು ನೀವೇ ಹೇಳಿದ್ರಿ." ಹೇಳಿದ್ದರೋ ಇಲ್ಲವೋ ಅವರಿಗೂ ನೆನಪಿರುವುದಿಲ್ಲ.

ತೆಗೆದ ಬಟ್ಟೆಗಳ ಗತಿ: ಹತ್ತಿ ಸೀರೆಗಳು ಕೌದಿಯಾಗಲಿ, ಟಾಪುಗಳು ನೆಲ ಒರೆಸಲಿ.

ಎಲ್ಲ ಶಾಸ್ತ್ರಕ್ಕೂ ಅಪವಾದವುಂಟು, ಈ ಶಾಸ್ತ್ರದ ಅಪವಾದ ಬರುವುದು ಸಾಮಾನ್ಯವಾಗಿ ರಾತ್ರಿ ಒಂಬತ್ತರ ಮೇಲೆ. "ಅಮ್ಮಾ, ನಾಳೆ ಫ್ಯಾನ್ಸಿ ಡ್ರೆಸ್ಸು. ನಾನು ಒನಕೆ ಓಬವ್ವ." ಹದವಾದ ಹಳೇ ಸೀರೆಗಳೆಲ್ಲ ಹೋದ ತಿಂಗಳೇ ಕೌದಿಯೊಳಗೆ ಸೇರಿವೆ. ಬೀರುವಿನಲ್ಲಿ ನಾಲ್ಕೂ ಬಗೆಯ ಅಭಾವ ಒಟ್ಟಿಗೇ ಕೂತಿವೆ. ಆಗ ಅಧಿಕಾರಿಯು ವೇಲ್ ಹೊದ್ದು ಮೆಟ್ಟಿಲು ಹತ್ತಿ ಮೇಲಿನ ಮನೆಯ ಆಂಟಿಯ ಬೆಲ್ ಒತ್ತತಕ್ಕದ್ದು. ಸೂಸಿ ಫಾಕ್ಸಳಾಗಲೀ ಕೊಂಡೋ ಆಗಲೀ ಹೇಳದೆ ಬಿಟ್ಟ ಸೂತ್ರವಿದು: ಒಂದು ಬೀರು ಖಾಲಿಯಿರಬೇಕಾದರೆ, ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ ಒಂದು ತುಂಬಿದ ಬೀರು ಇರಲೇಬೇಕು. ಆಂಟಿ ಮೂರು ಅರೆ ತಡಕಿ, ತಮ್ಮತ್ತೆಯ ಕಾಲದ ಕಂದು ಚೌಕಳಿಯ ಸೀರೆ ತೆಗೆದು, ಕೊಡವಿ, ನುಸಿಗುಳಿಗೆ ಉದುರಿಸಿ ಕೈಗಿಟ್ಟು ಕೇಳುತ್ತಾರೆ:

"ಸೀರೆ ಸರಿ. ಒನಕೆ ಇದೆಯೇನಮ್ಮ ನಿಮ್ಮನೇಲಿ?"