ರಸೀದಿ ಮೇಷ್ಟ್ರು

ಯಾವ ಊರು ಎಂದು ಹೇಳುವುದಿಲ್ಲ. ಹುಣಸೂರು ಎಂದರೆ ಪಿರಿಯಾಪಟ್ಟಣದವರು ‘ಯಾಕೆ, ನಮ್ಮಲ್ಲಿಲ್ವಾ?’ ಎಂದು ಜಗಳಕ್ಕೆ ಬರುತ್ತಾರೆ. ಕೆ.ಆರ್. ನಗರ ಎಂದರೆ ಎಚ್.ಡಿ. ಕೋಟೆಯವರು ಮುನಿಸಿಕೊಳ್ಳುತ್ತಾರೆ. ನಾಲ್ಕೂ ಊರಿನಲ್ಲಿ, ವಾರ್ಡಿಗೊಬ್ಬರಂತೆ ಸರ್ಕಾರವೇ ಹಂಚಿಕೊಟ್ಟ ಹಾಗೆ, ರಸೀದಿ ಮೇಷ್ಟ್ರು ಇದ್ದೇ ಇದ್ದಾರೆ. ನಿವೃತ್ತರು. ಕೆಲವರು ನಿಜಕ್ಕೂ ಮೇಷ್ಟ್ರಾಗಿದ್ದವರು; ಕೆಲವರು ಕೆಇಬಿಯಲ್ಲಿ ಮೀಟರು ಓದಿಕೊಂಡಿದ್ದವರು. ಬೀದಿ ಮಾತ್ರ ಎಲ್ಲರನ್ನೂ ಮೇಷ್ಟ್ರು ಎಂದೇ ಕರೆಯುತ್ತದೆ, ಸಿಕ್ಕಿದಲ್ಲೆಲ್ಲ ಪಾಠ ಮಾಡುತ್ತಾರಲ್ಲ, ಅದಕ್ಕೆ.

ನಮ್ಮ ಬೀದಿಯ ಮೇಷ್ಟ್ರಿಗೆ ಒಂದು ತಗಡಿನ ಟ್ರಂಕ್ ಇದೆ. ಹೆಂಡತಿಯ ಒಡವೆ ಬ್ಯಾಂಕಿನ ಲಾಕರಿನಲ್ಲಿದೆ. ಟ್ರಂಕಿನಲ್ಲಿರುವುದು ಕಂದಾಯದ ರಸೀದಿ. ಮನೆ ಕಟ್ಟಿಸಿದ ವರ್ಷದಿಂದ ಹಿಡಿದು ಇಲ್ಲಿಯವರೆಗಿನವು, ಒಂದೂ ತಪ್ಪದೆ, ಯಾರದೋ ಮದುವೆಯಲ್ಲಿ ಕೊಟ್ಟ ತಾಂಬೂಲದ ಚೀಲಗಳಲ್ಲಿ, ಚೀಲಕ್ಕೆ ಐದೈದು ವರ್ಷದಂತೆ. ನುಸಿಗುಳಿಗೆ ವಾಸನೆಯ ಆ ಟ್ರಂಕನ್ನು ತೆರೆದರು ಎಂದರೆ ಎದುರಿಗೆ ಕೂತವನಿಗೆ ಅರ್ಧ ದಿನ ಹೋಯಿತು ಎಂದೇ ಅರ್ಥ.

ಏಪ್ರಿಲ್ ಬಂತೆಂದರೆ ಬೀದಿಗೆಲ್ಲ ಕಂದಾಯದ ಎಚ್ಚರಿಕೆ ಕೊಡುವವರೂ ಅವರೇ. ‘30ನೇ ತಾರೀಕಿನೊಳಗೆ ಕಟ್ಟಿದರೆ ಶೇಕಡಾ 5 ರಿಯಾಯಿತಿ. ಮೇ, ಜೂನ್ ಕಟ್ಟಿದರೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಜುಲೈ ಆಯ್ತೋ, ತಿಂಗಳಿಗೆ ಶೇಕಡಾ 2 ದಂಡ. ಬಡ್ಡಿ ಅಂಗಡಿಯವನು ವಾಸಿ!’ ಸ್ವಯಂ ಘೋಷಣೆಯ ಫಾರಂ ಅವರಿಗೆ ಬಾಯಿಪಾಠ. ಉಪನೋಂದಣಿ ಕಚೇರಿಯ ಮಾರ್ಗಸೂಚಿ ದರ, ಕಟ್ಟಡದ ಅಳತೆ, ಮನೆಗೆ ವಯಸ್ಸಾದದ್ದಕ್ಕೆ ಸಿಗುವ ಸವಕಳಿ, ಎಲ್ಲ ನಾಲಿಗೆಯ ತುದಿಯಲ್ಲಿದೆ. ಪಕ್ಕದ ಬೀದಿಯ ಹುಡುಗ ಇ-ಖಾತೆಗೆ ಅಲೆಯುತ್ತಿದ್ದಾಗ, ಕಚೇರಿಯವರು ಹೇಳುವುದಕ್ಕೆ ಮೊದಲೇ ಯಾವ ಯಾವ ಕಾಗದ ಬೇಕು ಎಂದು ಬರೆದುಕೊಟ್ಟವರು ಇವರು. ಆ ಪುಣ್ಯ ಅವರಿಗೆ ಇರಲಿ.

ಕಟ್ಟಿ ಬಂದ ಸಂಜೆ ಜಗಲಿಯ ಮೇಲೆ ಪಾರಾಯಣ. ಬೆರಳಿಟ್ಟು, ಸಾಲು ಬಿಡದೆ. ‘ನೋಡಪ್ಪ, ತೆರಿಗೆ 3,000. ಅದರ ಮೇಲೆ ಆರೋಗ್ಯ ಉಪಕರ ಶೇಕಡಾ 15, ಅಂದರೆ 450. ಕೊಟ್ಟಿದ್ದೀನಿ. ಸೊಳ್ಳೆಗೆ ಅದು ಗೊತ್ತಿಲ್ಲ, ಕಚ್ಚುತ್ತೆ. ಗ್ರಂಥಾಲಯ ಉಪಕರ ಶೇಕಡಾ 6, 180 ರೂಪಾಯಿ. ಪೇಪರ್ ಓದೋಣ ಅಂತ ಹೋದರೆ ಇನ್ನೊಬ್ಬ ರಿಟೈರ್ಡು ಮೊದಲೇ ಹಿಡ್ಕೊಂಡು ಕೂತಿರ್ತಾನೆ. ಭಿಕ್ಷುಕರ ಉಪಕರ ಶೇಕಡಾ 3, 90 ರೂಪಾಯಿ.’ ಈ ಮೂರನೆಯದನ್ನು ಮಾತ್ರ ಅವರು ಪೂರಾ ವಸೂಲು ಮಾಡಿಕೊಳ್ಳುತ್ತಾರೆ. ಬಾಗಿಲಿಗೆ ಯಾರಾದರೂ ಬಂದು ‘ಅಮ್ಮಾ, ತಾಯೀ’ ಎಂದರೆ ಒಳಗಿನಿಂದಲೇ ಕೂಗುತ್ತಾರೆ: ‘ಏಪ್ರಿಲ್‌ನಲ್ಲೇ ಕಟ್ಟಾಗಿದೆ, ಮುಂದೆ ಹೋಗಪ್ಪ.’

ಈ ಉಪಕರಗಳು ಊರಿನ ಕಚೇರಿಯ ಪೆಟ್ಟಿಗೆಯಲ್ಲಿ ಉಳಿಯುವ ದುಡ್ಡಲ್ಲ. ಗ್ರಂಥಾಲಯದ್ದು 1965ರ ಕಾನೂನಿನ ಪ್ರಕಾರ ಗ್ರಂಥಾಲಯಕ್ಕೆ, ಭಿಕ್ಷುಕರದ್ದು 1975ರ ಕಾನೂನಿನ ಪ್ರಕಾರ ನಿರಾಶ್ರಿತರ ಪರಿಹಾರಕ್ಕೆ ಹೋಗಬೇಕು. ಈಚೆಗೆ ಕಸಕ್ಕೂ ಒಂದು ಶುಲ್ಕ ಸೇರಿದೆ. ಪುಸ್ತಕಕ್ಕೆ, ಭಿಕ್ಷೆಗೆ, ಕಸಕ್ಕೆ ಒಂದೊಂದು ಸಾಲಿರುವ ಆ ರಸೀದಿಯಲ್ಲಿ ಮಳೆನೀರಿಗೆ ಸಾಲಿಲ್ಲ. ಮೋರಿಯ ಕೆಲಸ ಮಾಮೂಲಿ ಕಂದಾಯದಲ್ಲೇ ಆಗಬೇಕು, ಇಲ್ಲವೇ ರಾಜ್ಯ ಹಣಕಾಸು ಆಯೋಗದ ಅನುದಾನವೋ ಕೇಂದ್ರ ಹಣಕಾಸು ಆಯೋಗದ ದುಡ್ಡೋ ಬರುವ ತನಕ ಕಾಯಬೇಕು. ಮಳೆಗೆ ಕಾಯುವ ಅಭ್ಯಾಸವಿಲ್ಲ.

‘ನಾಲ್ವಡಿಯವರನ್ನು ನೋಡಿ ಕಲೀಬೇಕು,’ ಎಂದು ಮೇಷ್ಟ್ರು ಶುರು ಮಾಡುತ್ತಾರೆ. ‘ಎಡತೊರೆಗೆ ಕಾವೇರಿ ನುಗ್ಗುತ್ತಿತ್ತು. ಮಹಾಸ್ವಾಮಿಗಳು ಏನು ಮಾಡಿದರು? ಊರನ್ನೇ ಎತ್ತಿ ಆಚೆ ಇಟ್ಟರು! ಅದೇ ಕೃಷ್ಣರಾಜನಗರ. ಇವರಿಗೆ ಮೋರಿಯ ಹೂಳು ಎತ್ತೋಕೆ ಆಗಲ್ವಲ್ಲ!’ ಮಾತಿನಲ್ಲಿ ಹುರುಳಿದೆ. ಅಗಲವಾದ ನೇರ ಬೀದಿಗಳ ಆ ಊರು ಹುಟ್ಟಿದ್ದೇ ನೆರೆಯ ಕಾಟಕ್ಕೆ. ಆದರೆ ನಮ್ಮ ಬೀದಿಯ ಮೋರಿಯ ಮೇಲೆ ರ್‍ಯಾಂಪು ಕಟ್ಟಿಸಿದವರು ಯಾರು ಎಂದು ಕೇಳುವ ಧೈರ್ಯ ಯಾರಿಗೂ ಇಲ್ಲ.

ರ್‍ಯಾಂಪಿನ ವಿಷಯಕ್ಕೆ ಬರೋಣ. ಮೇಷ್ಟ್ರದ್ದು 40ಕ್ಕೆ 60ರ ಸೈಟು. ಮೊದಲು ಮುಂದೆ ಒಂದು ಸಂಪಿಗೆ ಮರ, ಎರಡು ತೆಂಗು, ದಾಸವಾಳ ಇದ್ದವು. ಎಲೆ ಗುಡಿಸಿ ಗುಡಿಸಿ ಸೊಂಟ ಹೋಯಿತೆಂದು ಮನೆಯಾಕೆ ಹೇಳಿದ್ದೇ ನೆಪ, ಸಂಪಿಗೆ ಹೋಯಿತು. ಮಗ ಅಮೆರಿಕದಿಂದ ಎರಡು ವರ್ಷಕ್ಕೊಮ್ಮೆ ಬಂದಾಗ ಬಾಡಿಗೆ ಕಾರು ನಿಲ್ಲಿಸಲು ಜಾಗ ಬೇಕಲ್ಲ, ಅಂಗಳಕ್ಕೆಲ್ಲ ಸಿಮೆಂಟು ಬಿತ್ತು. ನೀರು ನಿಂತರೆ ಪಾಚಿ ಕಟ್ಟುತ್ತದೆಂದು ಮೇಸ್ತ್ರಿಗೆ ಹೇಳಿ ಬೀದಿಯ ಕಡೆಗೆ ಚೆನ್ನಾಗಿ ವಾಟ ಕೊಡಿಸಿದರು. ಕಾರು ಹತ್ತಲು ಹನ್ನೆರಡು ಅಡಿ ಅಗಲದ ರ್‍ಯಾಂಪು, ಮೋರಿಯನ್ನು ಪೂರ್ತಿ ಮುಚ್ಚಿ, ರಸ್ತೆಗೂ ಒಂದು ಅಡಿ ಚಾಚಿಕೊಂಡು. ಈಗ ಆ 2,400 ಚದರಡಿಯಲ್ಲಿ ಮಣ್ಣು ಎಂದರೆ ತುಳಸಿಕಟ್ಟೆಯಲ್ಲಿ ಇರುವಷ್ಟೇ.

ಲೆಕ್ಕ ಮೇಷ್ಟ್ರಿಗೇ ಇಷ್ಟ, ಆದ್ದರಿಂದ ಲೆಕ್ಕವನ್ನೇ ಹಾಕಿದೆ. ಆ ಸೈಟಿನ ಮೇಲೆ ಒಂದು ಅಂಗುಲ ಮಳೆ ಬಿದ್ದರೆ 5,600 ಲೀಟರಿಗೂ ಮೇಲೆ. ಹದಿನಾಲ್ಕು ಲೀಟರಿನ ಪ್ಲಾಸ್ಟಿಕ್ ಕೊಡದಲ್ಲಿ ಅಳೆದರೆ ನಾನೂರು ಕೊಡ. ಸಂಪಿಗೆ ಇದ್ದ ಕಾಲದಲ್ಲಿ ಅದರಲ್ಲಿ ಒಂದಷ್ಟನ್ನು ನೆಲ ಕುಡಿಯುತ್ತಿತ್ತು. ಈಗ ನಾನೂರಕ್ಕೆ ನಾನೂರೂ ಬೀದಿಗೆ.

ಮಗ ಇರುವುದು ವಾಷಿಂಗ್ಟನ್ ರಾಜ್ಯದ ಬೆಲ್‌ವ್ಯೂ ಎಂಬ ಊರಿನಲ್ಲಿ. ಒಂದು ಭಾನುವಾರ ವಿಡಿಯೊ ಕಾಲಿನಲ್ಲಿ ಅವನು ಅಲ್ಲಿನ ಬಿಲ್ಲು ಓದಿದ: ನೀರಿಗಿಷ್ಟು, ಒಳಚರಂಡಿಗಿಷ್ಟು, ಸ್ಟಾರ್ಮ್ ವಾಟರಿಗಿಷ್ಟು. ಮೇಷ್ಟ್ರು ಕುರ್ಚಿಯಿಂದ ಅರ್ಧ ಎದ್ದರು. ‘ಮಳೆಗೂ ಕಂದಾಯಾನಾ!’ ಮರುದಿನದಿಂದ ಇಡೀ ಬೀದಿಗೆ ಅದೇ ಸುದ್ದಿ. ಹಾಲಿನ ಡೇರಿಯಲ್ಲಿ, ಸೆಲೂನಿನಲ್ಲಿ, ಸದಸ್ಯರ ಮನೆಯ ಜಗಲಿಯಲ್ಲಿ ಅದನ್ನೇ ಹೇಳಿದರು. ಬೆಲ್‌ವ್ಯೂ 1974ರಲ್ಲೇ ಮಳೆನೀರಿಗೆಂದು ಬೇರೆ ವ್ಯವಸ್ಥೆ ಮಾಡಿ ಶುಲ್ಕ ಹಾಕಿದ ಊರಂತೆ, ಅಲ್ಲಿಂದೀಚೆಗೆ ಎಷ್ಟೋ ಊರು ಅದನ್ನೇ ಹಿಡಿದವಂತೆ. ಮೇರಿಲ್ಯಾಂಡಿನಲ್ಲಿ 2012ರಲ್ಲಿ ಇಂಥದೇ ಕಾನೂನು ಬಂದಾಗ ಜನ ಅದಕ್ಕೆ ‘ಮಳೆ ತೆರಿಗೆ’ ಎಂದು ಹೆಸರಿಟ್ಟು ಗಲಾಟೆ ಎಬ್ಬಿಸಿ, 2015ರಲ್ಲಿ ಅದರ ಹಲ್ಲು ಕೀಳಿಸಿದರಂತೆ. ‘ಅದಕ್ಕೇ ಕಣಯ್ಯಾ ಅಲ್ಲಿ ರಸ್ತೆ ಹಾಗಿರೋದು. ನಮ್ಮಲ್ಲೂ ಹಾಕಲಿ, ನಾನೇ ಮೊದಲು ಕಟ್ಟುತ್ತೀನಿ!’

ಈ ಉತ್ಸಾಹ ಇದ್ದದ್ದು ಮುಂದಿನ ಭಾನುವಾರದ ತನಕ. ಅಂದು ಮಗ ಪೂರ್ತಿ ವಿವರಿಸಿದ. ದುಡ್ಡು ಮಳೆಗಲ್ಲ, ನೆಲಕ್ಕೆ ಇಳಿಯದೆ ಬೀದಿಗೆ ಹರಿಯುವ ನೀರಿಗೆ. ಸೈಟು ಎಷ್ಟು ದೊಡ್ಡದು, ಅದರಲ್ಲಿ ಚಾವಣಿ, ಕಾಂಕ್ರೀಟು, ಡಾಂಬರು ಎಷ್ಟು ಪಾಲು ಎಂದು ನೋಡುತ್ತಾರೆ. ಗಟ್ಟಿ ಜಾಗ ಜಾಸ್ತಿಯಾದಷ್ಟೂ ದರ ಜಾಸ್ತಿ. ಜರ್ಮನಿಯಲ್ಲೂ ಮಾಡು, ಅಂಗಳಗಳನ್ನು ಚದರ ಮೀಟರಿನಲ್ಲಿ ಅಳೆಯುವ ಊರುಗಳು ಬಹಳ. ನೀರು ಇಂಗಿಸುವವರಿಗೆ ಅಲ್ಲಿ ಕಡಿತ ಸಿಗುತ್ತದೆ. ಇಷ್ಟು ಹೇಳಿ, ಪಾಪ, ಏನೂ ತಿಳಿಯದ ಹುಡುಗ ಕೇಳಿದ: ‘ಅಪ್ಪ, ನಮ್ಮನೆ ಮುಂದೆ ಸಂಪಿಗೆ ಮರ ಇತ್ತಲ್ವಾ? ಕ್ಯಾಮೆರಾ ಸ್ವಲ್ಪ ಆ ಕಡೆ ತಿರುಗಿಸಿ.’

‘ನೆಟ್‌ವರ್ಕ್ ಸರಿಯಿಲ್ಲ ಕಣೋ,’ ಎಂದರು ಮೇಷ್ಟ್ರು.

ಬೆಂಗಳೂರಿನಲ್ಲಿ ಜಲಮಂಡಳಿಯ ಕಾನೂನಿಗೆ 2009ರಲ್ಲಿ ತಿದ್ದುಪಡಿ ತಂದು, ಇಂಥ 40ಕ್ಕೆ 60ರ ಹಳೆಯ ಮನೆಗಳಿಗೂ ಮಳೆಕೊಯ್ಲು ಕಡ್ಡಾಯ ಮಾಡಿದರು. ಮಾಡಿಸದಿದ್ದರೆ ನೀರಿನ ಬಿಲ್ಲಿಗೆ ದಂಡ ಸೇರಿಕೊಳ್ಳುತ್ತದೆ. ಇದನ್ನು ನಾನು ಮೇಷ್ಟ್ರಿಗೆ ಮೆಲ್ಲಗೆ ಹೇಳಿದೆ. ‘ಅದು ಬೆಂಗಳೂರಿಗೆ,’ ಎಂದರು. ಎಂಟು ಸಾವಿರ ಮೈಲಿ ಆಚೆಯ ಬೆಲ್‌ವ್ಯೂ ಹತ್ತಿರವಾಗಿತ್ತು, ಬೆಂಗಳೂರು ದೂರವಾಯಿತು.

ಭರಣಿ ಮಳೆ ಸುರಿದದ್ದು ಏಪ್ರಿಲ್ ಕೊನೆಯ ವಾರ, ಮೇಷ್ಟ್ರು ರಿಯಾಯಿತಿ ಗಿಟ್ಟಿಸಿಕೊಂಡು ಬಂದ ಸಂಜೆಯೇ. ಮುಕ್ಕಾಲು ಗಂಟೆ ಹೊಡೆಯಿತು. ಬೀದಿಯ ತಗ್ಗಿನಲ್ಲಿ ಹೂ ಕಟ್ಟಿ ಮಾರುವ ಅಕ್ಕನ ಹೆಂಚಿನ ಮನೆ ಇದೆ. ನೀರು ರ್‍ಯಾಂಪಿಗೆ ಬಡಿದು, ಮೋರಿ ಬಿಟ್ಟು ರಸ್ತೆ ಹತ್ತಿ, ನೇರ ಅವಳ ಹೊಸಿಲು ದಾಟಿತು. ಒಲೆ ಮುಳುಗಿತು, ಕನಕಾಂಬರದ ಬುಟ್ಟಿ ತೇಲಿತು. ಮಳೆ ನಿಂತ ಮೇಲೆ ಅವಳು ಸೀರೆಯನ್ನು ಮೊಳಕಾಲಿಗೆ ಎತ್ತಿ ಕಟ್ಟಿಕೊಂಡು ಬಂದು ಮೇಷ್ಟ್ರ ಗೇಟಿನ ಮುಂದೆ ನಿಂತಳು. ಕೂಗಾಡಲಿಲ್ಲ.

‘ಮೇಷ್ಟ್ರೇ, ನಿಮ್ಮ ನೀರು ನಮ್ಮನೇಲಿ ಅದೆ. ಬಂದು ತಕ್ಕೊಂಡೋಗಿ.’

ಮೇಷ್ಟ್ರು ಒಳಗೆ ಹೋದರು. ಕೊಡವೋ ಬಕೆಟ್ಟೋ ತರುತ್ತಾರೆ ಎಂದುಕೊಂಡೆವು. ತಂದದ್ದು ರಸೀದಿ.

ಮರುದಿನ ಗುದ್ದಲಿ ಹಿಡಿದು ಬಂದ ಪೌರಕಾರ್ಮಿಕ ನೆಲಕ್ಕೆ ಕೆನ್ನೆ ತಾಗಿಸಿ ರ್‍ಯಾಂಪಿನಡಿ ಇಣುಕಿದ. ಒಂದು ಕಡೆಯಿಂದ ತೆಂಗಿನ ಗರಿ, ಗುಟ್ಕಾ ಚೀಟಿ, ಒಂದು ಹವಾಯಿ ಚಪ್ಪಲಿ ಈಚೆ ಬಂದವು. ‘ಸಾ, ಒಳಕ್ಕೆ ಗುದ್ದಲಿ ಆಡಕಿಲ್ಲ. ಇದ ಒಡೀಬೇಕು,’ ಎಂದ. ‘ನಾನು ಏಪ್ರಿಲ್‌ನಲ್ಲೇ ಕಂದಾಯ ಕಟ್ಟಿದವನು,’ ಎಂದರು ಮೇಷ್ಟ್ರು. ಅವನು ಚಪ್ಪಲಿಯನ್ನು ಗಾಡಿಗೆ ಎಸೆದು ಮುಂದಿನ ಮನೆಗೆ ಹೋದ. ಮುಂದಿನದು ನನ್ನ ಮನೆ. ನನ್ನದೂ ಒಂದು ರ್‍ಯಾಂಪು ಇದೆ, ಆದರೆ ಸ್ಕೂಟರಿಗೆ ಮಾತ್ರ, ಮೂರೇ ಅಡಿ. ಅಳೆದಿದ್ದೇನೆ.

ನನ್ನನ್ನು ಕೇಳಿದರೆ, ಮುಂದೆ ಎಂದಾದರೂ ಈ ನಾಲ್ಕು ಊರಿನ ರಸೀದಿಗೆ ಮಳೆನೀರಿನ ಸಾಲು ಬಂದರೆ, ಅದನ್ನು ಸಿಮೆಂಟಿನ ಅಳತೆಗೆ ಹಾಕಬೇಕು. ತಲೆಗಿಷ್ಟು ಎಂದೋ ಮನೆಗಿಷ್ಟು ಎಂದೋ ಹಾಕಿದರೆ ಹೂವಿನ ಅಕ್ಕ ತನ್ನ ಒಲೆ ಮುಳುಗಿಸಿದ ನೀರಿಗೆ ತಾನೇ ಕಂದಾಯ ಕಟ್ಟಬೇಕಾಗುತ್ತದೆ.

ಕಳೆದ ವಾರ ಮೇಷ್ಟ್ರು ಒಂದು ಅರ್ಜಿ ಬರೆದರು. ಯಾರಿಗೆ ಎಂದು ಹೇಳಿದರೆ ಊರಿನ ಗುಟ್ಟು ಬಿಟ್ಟುಕೊಟ್ಟಂತೆ: ‘ಪೌರಾಯುಕ್ತರಿಗೆ’ ಎಂದರೆ ಹುಣಸೂರು ನಗರಸಭೆ ಎಂದು ಗೊತ್ತಾಗುತ್ತದೆ, ‘ಮುಖ್ಯಾಧಿಕಾರಿಗಳಿಗೆ’ ಎಂದರೆ ಉಳಿದ ಮೂರು ಪುರಸಭೆಗಳಲ್ಲೊಂದು. ಬೀದಿಯ ಎರಡೂ ಬದಿಗೆ ಹೊಸ ಚರಂಡಿ ಬೇಕೆಂಬುದು ವಿಷಯ. ‘ತಮ್ಮ ಅವಗಾಹನೆಗೆ’ ಮೂರು ಸಲ ಬಂದಿತ್ತು, ರ್‍ಯಾಂಪು ಒಂದು ಸಲವೂ ಬಂದಿರಲಿಲ್ಲ. ಮನೆಮನೆಗೆ ಹೋಗಿ ಸಹಿ ಹಾಕಿಸಿದರು. ನಾನೂ ಹಾಕಿದೆ. ಹೂವಿನ ಅಕ್ಕ ಕೊನೆಯವಳು. ಸಹಿಯ ಕೆಳಗೆ ಉಳಿದ ಜಾಗದಲ್ಲಿ ದಪ್ಪ ಅಕ್ಷರದಲ್ಲಿ ‘ಮೊದಲು ಮೇಷ್ಟ್ರ ರ್‍ಯಾಂಪು ಒಡೆಸಿ’ ಎಂದು ಸೇರಿಸಿದಳು. ಕನ್ನಡಕ ಮನೆಯಲ್ಲೇ ಬಿಟ್ಟುಬಂದಿದ್ದ ಮೇಷ್ಟ್ರು ಹಾಗೆಯೇ ಮಡಚಿಕೊಂಡು ಹೋಗಿ ಕಚೇರಿಯಲ್ಲಿ ಕೊಟ್ಟರು.

ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಬಿದ್ದಿದೆ. ಟ್ರಂಕಿನಲ್ಲಿದೆ.