ಕೌಂಸೀಯ ಉದರಮೀಮಾಂಸೆ

ಸೂತ್ರ 1: ಸರ್ವಂ ಗ್ಯಾಸ್.

ವೃತ್ತಿ: ಶಿವಮೊಗ್ಗದಿಂದ ಸಾಗರದ ಕಡೆಗೆ ಹೊರಟು ಆಯನೂರು ದಾಟಿದರೆ ಕುಂಸಿ. ಅಲ್ಲಿನ ಕಟ್ಟೆಗಳ ಮೇಲೆ ಹೊಟ್ಟೆನೋವಿನ ಕುರಿತು ಮೂರು ದರ್ಶನಗಳು ಪ್ರಚಲಿತವಾಗಿವೆ. ಸಕಲ ವ್ಯಥೆಯೂ ಗ್ಯಾಸಿನಲ್ಲಿ ಹುಟ್ಟಿ ಗ್ಯಾಸಿನಲ್ಲೇ ಲಯವಾಗುತ್ತದೆಂದು ಗ್ಯಾಸ್‌ವಾದಿಗಳು; ಪ್ರಮಾಣ ಕೇಳಿದರೆ ತೇಗುವರು. ಉಷ್ಣವಾದಿಗಳಿಗೆ ಹಲಸಿನಹಣ್ಣೇ ಹೇತು. ದೃಷ್ಟಿವಾದಿಗಳು ಕಡಿಮೆ ಜನ. ಆದರೆ ನಿವಾಳಿಸಿದ ಉಪ್ಪು-ಮೆಣಸಿನಕಾಯಿ ಒಲೆಯಲ್ಲಿ ಚಟಪಟ ಎನ್ನುವುದನ್ನು ಕಿವಿಯಾರೆ ಕೇಳಿಸಬಲ್ಲರಾದ್ದರಿಂದ ಅವರ ಖಂಡನೆ ಕಷ್ಟ. ಮೂರೂ ಮತದವರಿಗೆ ಸಮ್ಮತವಾದ ಒಂದೇ ಮಾತು: ಮೆಡಿಕಲ್ ಶಾಪಿನಲ್ಲಿ ಕೇಳಿ ಎರಡು ಮಾತ್ರೆ ನುಂಗುವುದು.

ಸೂತ್ರ 2: ತೊಳೆದರೆ ಬಣ್ಣ ಬಿಡುವವನು ನೆಗೆಟಿವ್.

ವೃತ್ತಿ: ಮೂರೂ ದರ್ಶನಗಳು ಕಾಣದ ಹೇತು ಬ್ಯಾಕ್ಟೀರಿಯಾ. ಈ ಸೂತ್ರದ ಋಷಿ ಡೆನ್ಮಾರ್ಕಿನ ಹಾನ್ಸ್ ಕ್ರಿಶ್ಚಿಯನ್ ಗ್ರಾಂ, ಕ್ಷೇತ್ರ ಬರ್ಲಿನ್, ಕಾಲ 1884. ಬ್ಯಾಕ್ಟೀರಿಯಾಗಳಿಗೆ ನೇರಳೆ ಬಣ್ಣ ಹಾಕಿ, ಅಯೋಡಿನ್ ಹನಿಸಿ, ಆಲ್ಕೋಹಾಲಿನಲ್ಲಿ ತೊಳೆದರೆ ಕೆಲವು ಬಣ್ಣ ಹಿಡಿದುಕೊಂಡವು, ಕೆಲವು ಬಿಟ್ಟವು. ಬಿಟ್ಟವೇ ಗ್ರಾಂ ನೆಗೆಟಿವ್; ಅವಕ್ಕೆ ಈಗ ಸಫ್ರಾನಿನ್ ಹಾಕಿ ಗುಲಾಬಿ ಮಾಡುತ್ತಾರೆ. ಇವುಗಳ ಪೆಪ್ಟಿಡೋಗ್ಲೈಕನ್ ಗೋಡೆ ಬಲು ತೆಳು. ಅದರ ಹೊರಗೆ ಇನ್ನೊಂದು ಪೊರೆ. ಆ ಪೊರೆಯಲ್ಲಿ ನಾಟಿಕೊಂಡಿರುವ ಲಿಪಿಡ್-ಎ ಎಂಬ ಕೊಬ್ಬಿನ ತುಣುಕೇ ವಿಷ. ಬ್ಯಾಕ್ಟೀರಿಯಾ ಸತ್ತು ಒಡೆದಾಗ ಇದು ರಕ್ತಕ್ಕೆ ಬಿಡುಗಡೆಯಾಗಿ ಜ್ವರ ಏರಿಸುತ್ತದೆ, ರಕ್ತದೊತ್ತಡ ಇಳಿಸುತ್ತದೆ. ಸತ್ತ ಮೇಲೂ ಕಾಡುವವರನ್ನು ದೃಷ್ಟಿವಾದಿಗಳು ದೆವ್ವವೆಂದು ಕರೆಯುವುದರಿಂದ, ಇಲ್ಲಿ ಅವರಿಗೆ ಅರ್ಧ ಅಂಕ ಕೊಡಬಹುದು.

ಸೂತ್ರ 3: ಅಲ್ಪಂ ಸಾಕು.

ವೃತ್ತಿ: ಈ ನೆಗೆಟಿವ್ ಕುಲದವರೇ ಶಿಗೆಲ್ಲಾ, ಇ. ಕೋಲೈ, ಸಾಲ್ಮೊನೆಲ್ಲಾ. ರಕ್ತಭೇದಿ ತರುವ ಶಿಗೆಲ್ಲಾ, ಜಪಾನಿನ ಶಿಗಾ 1897ರಲ್ಲಿ ಕಂಡುಹಿಡಿದದ್ದು, 10ರಿಂದ 100 ಜೀವಿಗಳಷ್ಟು ಒಳಹೊಕ್ಕರೂ ಮನುಷ್ಯನನ್ನು ಮಲಗಿಸಬಲ್ಲದು. ಇ. ಕೋಲೈ ಅನುಕೂಲವಿದ್ದಲ್ಲಿ 20 ನಿಮಿಷಕ್ಕೊಮ್ಮೆ ಎರಡಾಗುತ್ತದೆ. ರಾತ್ರಿ 10ಕ್ಕೆ ಸಾರಿನ ಪಾತ್ರೆಗೆ ಒಂದೇ ಒಂದು ಬಿದ್ದು, ಎಲ್ಲವೂ ಅದರ ಮನಸ್ಸಿಗೆ ಬಂದಂತೆ ನಡೆದರೆ, ಬೆಳಗ್ಗೆ 6ಕ್ಕೆ 1,67,77,216. ಟೈಫಾಯಿಡಿನ ಸಾಲ್ಮೊನೆಲ್ಲಾ ಇನ್ನೂ ಗಹನ: ನಮ್ಮನ್ನು ಕಾಯಬೇಕಾದ ಬಿಳಿ ರಕ್ತಕಣಗಳೊಳಗೇ ಅಡಗುತ್ತದೆ, ಕೆಲವರ ಪಿತ್ತಕೋಶದಲ್ಲಿ ವರ್ಷಗಟ್ಟಲೆ ಬಿಡಾರ ಹೂಡುತ್ತದೆ. ನ್ಯೂಯಾರ್ಕಿನ ಅಡುಗೆಯಾಕೆ ಮೇರಿ ಮಲ್ಲನ್ ಆರೋಗ್ಯವಾಗಿಯೇ ಇದ್ದು ಮನೆಮನೆಗೂ ಟೈಫಾಯಿಡ್ ಬಡಿಸಿದಳು; 1907ರಲ್ಲಿ ಹಿಡಿದರು. ಮದುವೆಗೆ ಅಡುಗೆಯವರನ್ನು ಗೊತ್ತುಮಾಡುವಾಗ ‘ಹೋಳಿಗೆ ಹೆಂಗ್ ಮಾಡ್ತಾರೆ?’ ಎಂದು ಕೇಳುವ ನಾವು ‘ಕೈ ತೊಳೀತಾರಾ?’ ಎಂದು ಕೇಳಿದ್ದುಂಟೆ?

ಸೂತ್ರ 4: ಮುಖ ನೋಡಿ ನಂಬಬೇಡ, ವಿಚಾರಿಸು.

ವೃತ್ತಿ: ಸೂಕ್ಷ್ಮದರ್ಶಕದಲ್ಲಿ ಇವರೆಲ್ಲ ಒಂದೇ ರೂಪದ ಗುಲಾಬಿ ಕಡ್ಡಿಗಳು. ಆದ್ದರಿಂದ ಹೆಣ್ಣಿನ ಕಡೆಯವರು ವರನ ಬಗ್ಗೆ ವಿಚಾರಿಸುವ ಮಲೆನಾಡಿನ ಕ್ರಮವನ್ನೇ ಪ್ರಯೋಗಾಲಯದವರೂ ಅನುಸರಿಸುತ್ತಾರೆ.

‘ಹಾಲಿನ ಸಕ್ಕರೆ ತಿಂತಾನೇನ್ರಿ?’ ಮೆಕಾಂಕಿ ಅಗರ್ ತಟ್ಟೆಯಲ್ಲಿ ಇ. ಕೋಲೈ ಲ್ಯಾಕ್ಟೋಸ್ ತಿಂದು ಗುಲಾಬಿಯಾಗುತ್ತದೆ. ಟೈಫಾಯಿಡಿನವನು ತಿನ್ನದೆ ಬಿಳಚಿಕೊಂಡೇ ಇರುತ್ತಾನೆ.

‘ಓಡಾಟ ಹೆಂಗೆ?’ ಸಾಲ್ಮೊನೆಲ್ಲಾ ಈಜಾಡುತ್ತದೆ. ಶಿಗೆಲ್ಲಾ ಕೂತಲ್ಲಿಂದ ಏಳುವುದಿಲ್ಲ.

‘ಮೀಸೆ ಉಂಟಾ?’ ಇದು ಹಾಸ್ಯವಲ್ಲ. ಮೂರು ಸಕ್ಕರೆಯ ಕೊಳವೆಯಲ್ಲಿ ಬೆಳೆಸಿದಾಗ ಟೈಫಾಯಿಡಿನವನು ಗಂಧಕದ ಅನಿಲದಿಂದ ತೆಳ್ಳಗೆ ಒಂದು ಕಪ್ಪು ಗೆರೆ ಎಳೆಯುತ್ತಾನೆ. ಪ್ರಯೋಗಾಲಯದವರು ಅದನ್ನು ಮೀಸೆಯೆಂದೇ ಕರೆಯುತ್ತಾರೆ. ಕೊನೆಗೆ ಆಂಟಿಸೀರಂ ಹನಿಯಲ್ಲಿ ಗಂಟುಕಟ್ಟಿದರೆ ಗುರುತು ಖಚಿತ.

ಪೂರ್ವಪಕ್ಷ: ‘ಇಷ್ಟಕ್ಕೆಲ್ಲ ಎರಡು ಮೂರು ದಿನ ಯಾರ್ ಕಾಯ್ತಾರೆ ಮಾರಾಯ್ರೆ? ವಿಡಾಲ್ ಮಾಡ್ಸಿದ್ರೆ ಸಂಜೆಗೇ ರಿಪೋರ್ಟು.’

ಉತ್ತರ: ವಿಡಾಲ್ ಪರೀಕ್ಷೆ 1896ರದ್ದು, ವಯಸ್ಸಿಗೆ ಗೌರವ ಸಲ್ಲಬೇಕು. ಆದರೆ ಅದು ರೋಗಾಣುವನ್ನು ನೋಡುವುದಿಲ್ಲ, ಅದರ ವಿರುದ್ಧ ನಮ್ಮ ರಕ್ತದಲ್ಲಿರುವ ಪ್ರತಿಕಾಯವನ್ನು ನೋಡುತ್ತದೆ. ಟೈಫಾಯಿಡ್ ಆಗಾಗ ಬಂದುಹೋಗುವ ನಮ್ಮಂಥ ನಾಡಿನಲ್ಲಿ ಅದು ಹಳೆಯ ಜ್ವರದ ಉಳಿಕೆಯೂ ಇರಬಹುದು. ಒಂದೇ ಒಂದು ವಿಡಾಲ್ ಚೀಟಿ ಹಿಡಿದು ‘ಟೈಫಾಯಿಡ್ ಪಾಸಿಟಿವ್’ ಎಂದು ಊರೆಲ್ಲ ಸಾರುವುದು ಶಾಸ್ತ್ರವಿರುದ್ಧ.

ಸೂತ್ರ 5: ಔಷಧಂ ಭೂಗರ್ಭೇ.

ವೃತ್ತಿ: ಸ್ಥಳಾಭಿಮಾನಕ್ಕಾಗಿ ಸೇರಿಸಿದ್ದು. ಕುಂಸಿ ಒಂದು ಕಾಲಕ್ಕೆ ಮ್ಯಾಂಗನೀಸ್ ಗಣಿಗೆ ಹೆಸರಾದ ಊರು. ಕಾಲರಾ ಕಾಲದಲ್ಲಿ ಬಾವಿಗೆ ಹಾಕುತ್ತಿದ್ದ ನೇರಳೆ ಪರ್ಮಾಂಗನೇಟು ತಯಾರಾಗುವುದು ಮ್ಯಾಂಗನೀಸ್ ಅದಿರಿನಿಂದಲೇ. ಕಾಲರಾದ ವಿಬ್ರಿಯೋ ಕೂಡ ಗ್ರಾಂ ನೆಗೆಟಿವ್ ಕುಲದ್ದೇ. ಹೀಗೆ ಲೋಕದ ಕರುಳನ್ನು ಕಾಯಬಲ್ಲ ಲೋಹ ಕುಂಸಿಯ ನೆಲದಲ್ಲಿತ್ತೆಂದು ಸಿದ್ಧವಾಯಿತು. ಮ್ಯಾಂಗನೀಸಿನ ಬಹುಪಾಲು ಉಕ್ಕಿನ ಕುಲುಮೆಗೆ ಹೋಗುತ್ತದೆಂಬ ಕುತರ್ಕವನ್ನು ಭದ್ರಾವತಿಯವರಿಗೆ ಬಿಟ್ಟಿದ್ದೇವೆ.

ಫಲಶ್ರುತಿ: ಭೇದಿಯಾದರೆ 1 ಲೀಟರ್ ಕುದಿಸಿ ಆರಿಸಿದ ನೀರಿಗೆ 6 ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕದಡಿ ಕುಡಿಯುತ್ತಿರಬೇಕು. ರಕ್ತ ಬಿದ್ದರೆ, ಜ್ವರ ಮೂರು ದಿನ ದಾಟಿದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೋ ಹತ್ತಿರದ ಡಾಕ್ಟರ ಬಳಿಗೋ ಹೋಗಿ. ಆಂಟಿಬಯಾಟಿಕ್ ನುಂಗಿದ ಮೇಲೆ ಕೊಟ್ಟ ರಕ್ತದಲ್ಲಿ ಎಷ್ಟೋ ಸಲ ಏನೂ ಬೆಳೆಯುವುದಿಲ್ಲ. ಆದ್ದರಿಂದ ಮೊದಲು ಕಲ್ಚರಿಗೆ ರಕ್ತ ಕೊಡಿ, ಮಾತ್ರೆ ಆಮೇಲೆ.